ಪಂಚಾಮೃತದಲ್ಲಿ ಬಾಲ ಹೋದ ಮೀನು

ಮಾರ್ಚ್ 31, ಸೋಮವಾರ, ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ರಾಜಾಜಿನಗರದ ನಮ್ಮ ಮನೆಯ ದೇವರ ಕೋಣೆಯಲ್ಲಿ ತಾತ ನನ್ನ ಮೀನಿನ ಮೇಲೆ ಮೊದಲ ಉದ್ಧರಣೆ ಹಾಲು ಸುರಿದದ್ದು ಆ ಹೊತ್ತಿಗೆ. ಯುಗಾದಿಯ ಮರುದಿನ, ರಂಜಾನ್ ರಜೆ. ನಾನು ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ಪೂಜೆಯ ಗಂಟೆ ಕೇಳುತ್ತಿತ್ತು. ದಿನವೂ ಕೇಳುವ ಸದ್ದಾದ್ದರಿಂದ ಕಿವಿಗೊಟ್ಟಿರಲಿಲ್ಲ. ಅದು ನಡುವೆಯೇ ನಿಂತಾಗ ಮಾತ್ರ ತಿರುಗಿ ನೋಡಿದೆ.

"ಪುಟ್ಟೀ, ಒಂದ್ನಿಮಿಷ ಬಾ ಇಲ್ಲಿ," ಎಂದರು ತಾತ. "ಏನೋ ಆಗ್ತಾ ಇದೆ."

ಹಿತ್ತಾಳೆ ಹರಿವಾಣದಲ್ಲಿ ಮೀನು ಮಲಗಿತ್ತು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಐದೂ ಅದರ ಮೇಲೆ ಬಿದ್ದಾಗಿತ್ತು. ತಲೆಯ ಕಡೆ ಹಾಲು ಬೆಳ್ಳಗೇ ಇತ್ತು. ಬಾಲದ ಕಡೆ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಸಾಲಿಗ್ರಾಮವನ್ನು ಉಜ್ಜುವ ಹಾಗೆಯೇ ತಾತ ಅದನ್ನೂ ಹೆಬ್ಬೆರಳಿನಿಂದ ಉಜ್ಜಿದ್ದರು. ಅವರು ಬೆರಳು ತೆಗೆದಾಗ ಆ ಜಾಗದಲ್ಲಿ ಬರೀ ಕಲ್ಲು ಇತ್ತು.

ಅರ್ಧಕ್ಕೆ ಬಿಡಬಾರದೆಂದು ತಾತ ಶುದ್ಧೋದಕ ಹಾಕಿ, ತುಳಸಿ ಇಟ್ಟು, ಮಂಗಳಾರತಿ ಮುಗಿಸಿದರು. ಉಳಿದ ತೀರ್ಥವನ್ನು ಏನು ಮಾಡುವುದೆಂದು ಚರ್ಚೆಯಾಯಿತು. ಚೆಲ್ಲುವ ಹಾಗಿಲ್ಲ ಎಂದರು ತಾತ. ಯಾರೂ ಕುಡಿಯುವ ಹಾಗಿಲ್ಲ ಎಂದೆ ನಾನು. ಕೊನೆಗೆ ಅಮ್ಮ ಅದನ್ನು ಎತ್ತಿಕೊಂಡು ಹೋಗಿ ಕರಿಬೇವಿನ ಗಿಡದ ಬುಡಕ್ಕೆ ಸುರಿದು ಬಂದಳು.

"ಇನ್ಮೇಲೆ ಈ ಮನೇಲಿ ಒಗ್ಗರಣೆಗೂ ಮೀನು," ಎಂದಳು.

ನನ್ನ ಮೀನುಗಳು ಕಲ್ಲಿನವು. ಬಹಳ ಹಿಂದೆ ಸಮುದ್ರದ ತಳದ ಕೆಸರಲ್ಲಿ ಹೂತು, ಕೆಸರು ಸುಣ್ಣಕಲ್ಲಾಗಿ, ಒಳಗಿನ ಎಲುಬು ಹಾಗೇ ಉಳಿದವು. ಕಲ್ಲನ್ನು ಪದರ ಪದರವಾಗಿ ಸೀಳಿದಾಗ ಪುಸ್ತಕದೊಳಗಿನ ಎಲೆಯ ಹಾಗೆ ಸಿಗುತ್ತವೆ. ನಮ್ಮ ಬೆಂಗಳೂರಿನ ಬಂಡೆಯಲ್ಲಿ ಇವು ಇರುವುದಿಲ್ಲ. ಇಲ್ಲಿನ ಬಂಡೆ ಮೀನು ಹುಟ್ಟುವುದಕ್ಕೂ ಎಷ್ಟೋ ಮೊದಲಿನದು. ಹಾಗಾಗಿ ನಾನು ಹುಡುಕಿ ತೆಗೆದವಳಲ್ಲ, ಕೊಂಡು ಕೂಡಿಟ್ಟವಳು. ನಾಲ್ಕು ವರ್ಷದಲ್ಲಿ ಹನ್ನೊಂದು ಮೀನು ಸೇರಿದ್ದವು. ಪ್ರತಿಯೊಂದಕ್ಕೂ ಬಂದ ದಿನಾಂಕ, ಉದ್ದ, ಅಗಲ, ಬೆನ್ನುಮೂಳೆಯ ಮಣಿಗಳ ಲೆಕ್ಕ, ರೆಕ್ಕೆಯ ಕಡ್ಡಿಗಳ ಲೆಕ್ಕ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ತಾತ ತೊಳೆದದ್ದು ಏಳನೆಯದು, ಎಲ್ಲಕ್ಕಿಂತ ಚೆಂದದ್ದು. ಗೇಣುದ್ದದ ಮೀನು, ಬಾಯಿ ಸ್ವಲ್ಪ ತೆರೆದಿದೆ, ಬಾಲ ಬೀಸಣಿಗೆಯ ಹಾಗೆ ಹರಡಿದೆ. ಅದರ ಮುಂದೆ ನಾನು ಹೀಗೆ ಬರೆದಿದ್ದೆ: "ಬಾಲದ ಕಡ್ಡಿಗಳು ಇಪ್ಪತ್ತೆರಡು. ಮೂರು ಸಲ ಎಣಿಸಿದ್ದೇನೆ."

ಈ ಹನ್ನೊಂದರಲ್ಲಿ ಒಂದೂ ಮನೆಯೊಳಗೆ ಇರಲಿಲ್ಲ. ನಮ್ಮದು ಮೊಟ್ಟೆಯೂ ಬಾರದ ಮನೆ. ಮೊದಲನೆಯ ಮೀನು ತಂದ ದಿನವೇ ಅಮ್ಮ ಬಾಗಿಲಲ್ಲಿ ತಡೆದಿದ್ದಳು.

"ಹತ್ತು ಕೋಟಿ ವರ್ಷ ಹಳೇದು ಅಮ್ಮಾ. ವಾಸನೆ ಇಲ್ಲ, ಮಾಂಸ ಇಲ್ಲ, ಬರೀ ಕಲ್ಲು."

"ಹತ್ತು ಕೋಟಿ ವರ್ಷ ಆದ್ರೆ ಮೀನು ತರಕಾರಿ ಆಗುತ್ತೇನೇ? ಆಚೆ ಇಡು."

ಅಂದಿನಿಂದ ಅವು ಮಹಡಿ ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಪಕ್ಕ, ಹಳೆಯ ಟ್ರಂಕಿನಲ್ಲಿ ಡಬ್ಬಗಳೊಳಗೆ ಇದ್ದವು. ಮಳೆಗಾಲದಲ್ಲಿ ಅಲ್ಲಿಗೆ ನೀರು ನುಗ್ಗುತ್ತದೆ. ಜೋರು ಮಳೆ ಬಂದರೆ ನಾನು ಎದ್ದೆದ್ದು ಹೋಗಿ ನೋಡಿ ಬರುತ್ತಿದ್ದೆ. ತಾತ ಇದನ್ನೆಲ್ಲ ನೋಡಿದ್ದರು.

ಅವರಿಗೆ ಒಮ್ಮೆ ನಾನೇ ಹೇಳಿದ್ದೆ, ಅವರು ಪೂಜಿಸುವ ಸಾಲಿಗ್ರಾಮವೂ ಇಂಥದ್ದೇ ಎಂದು. ಹಿಮಾಲಯ ಏಳುವುದಕ್ಕೆ ಮೊದಲು ಅಲ್ಲಿದ್ದ ಸಮುದ್ರದಲ್ಲಿ ಓಡಾಡುತ್ತಿದ್ದ ಸುರುಳಿ ಚಿಪ್ಪಿನ ಪ್ರಾಣಿ, ಈಗ ಕಲ್ಲು. ಹೇಳಿದ ಮೇಲೆ ಹೆದರಿಕೆಯಾಯಿತು. ತಾತ ಮರುದಿನ ಊಟಕ್ಕೆ ಕೂತಾಗ, "ಸಮುದ್ರದಿಂದ ಬಂದದ್ದು ಅಂತಾಯ್ತು. ಹಾಗಾದ್ರೆ ಸರಿಯಾಗೇ ಇದೆ," ಎಂದು ಅನ್ನಕ್ಕೆ ಸಾರು ಕಲಸಿಕೊಂಡರು.

ಯುಗಾದಿಯ ಸಂಜೆ ಅವರು ಹೊಸ ಪಂಚಾಂಗ ಓದಿದರು. ಪ್ರತಿವರ್ಷ ಓದುತ್ತಾರೆ, ಅಮ್ಮ ಹುರುಳಿಕಾಯಿ ಸೋಸುತ್ತಾ ಕೇಳುತ್ತಾಳೆ, ನಾನು ಕೇಳಿದ ಹಾಗೆ ಕೂತಿರುತ್ತೇನೆ. ನಾಳೆ ಮತ್ಸ್ಯ ಜಯಂತಿ ಎಂದು ಬಂದಾಗ ತಾತ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನಿನ್ನ ಮೀನುಗಳಲ್ಲಿ ಒಳ್ಳೇದು ಯಾವುದು?"

"ಏಳನೇ ನಂಬರ್ ಡಬ್ಬ, ತಾತ."

ಸುಮ್ಮನೆ ಕೇಳಿದರು ಅಂದುಕೊಂಡೆ. ಅವರು ಲೆಕ್ಕ ಹಾಕಿಯೇ ಕೇಳಿದ್ದರು. ಮತ್ಸ್ಯ ಜಯಂತಿಯ ತದಿಗೆ ತಿಥಿ ಬರಲೆಂದು ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ಮಡಿಯಲ್ಲಿ ಕಾದು, ಆಮೇಲೆ ಡಬ್ಬ ತಂದರು. ಒಮ್ಮೆ ಪಂಚಾಮೃತ ಅಭಿಷೇಕ ಆಗಿಬಿಟ್ಟರೆ ಅದು ಮೀನಲ್ಲ, ದೇವರ ಕಲ್ಲು. ಒಳಗೆ ಬರಬಹುದು, ಸೊಸೆ ಬೇಡವೆನ್ನುವ ಹಾಗಿಲ್ಲ. ಒಂದು ಒಳಗೆ ಬಂದರೆ ಉಳಿದ ಹತ್ತೂ ಬರುತ್ತವೆ. ಮಳೆಯಲ್ಲಿ ಎದ್ದು ಓಡುವುದು ತಪ್ಪುತ್ತದೆ. ಇಷ್ಟನ್ನೂ ಅವರು ನನಗೆ ಹೇಳಿದ್ದು ಬಾಲ ಹೋದ ಮೇಲೆ, ನೆಲ ನೋಡಿಕೊಂಡು. ಸಾಲಿಗ್ರಾಮದ ಕಪ್ಪು ಕಲ್ಲಿಗೆ ಅರವತ್ತು ವರ್ಷ ಮೊಸರು ಹಾಕಿದರೂ ಏನೂ ಆಗಿರಲಿಲ್ಲ. ಸುಣ್ಣಕಲ್ಲಿಗೆ ಹುಳಿ ಆಗುವುದಿಲ್ಲ ಎಂದು ಅವರಿಗೆ ಯಾರು ಹೇಳಬೇಕಿತ್ತು? ನಾನೇ. ಹೇಳುವ ಸಂದರ್ಭ ಬರುತ್ತದೆಂದು ತೋಚಿರಲಿಲ್ಲ.

ಅಂದು ತಾತ ಊಟ ಮಾಡಲಿಲ್ಲ.

"ತಾತ, ಅದು ಬಣ್ಣ. ಎಲುಬು ಹಾಲಲ್ಲಿ ಹೋಗಲ್ಲ. ಯಾರೋ ಬಾಲ ಬರೆದಿದ್ರು."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ನಿಜವಾಗ್ಲೂ."

"ನೀನೇ ಮೂರು ಸಲ ಎಣಿಸಿದೀಯಲ್ಲೇ, ಇಪ್ಪತ್ತೆರಡು ಅಂತ. ನನಗೆ ಓದಿ ಹೇಳಿದ್ದೆ."

ಬಣ್ಣವೆಂದು ನನಗೂ ಖಾತ್ರಿ ಇರಲಿಲ್ಲ. ಕೆಲವು ಮೀನುಗಳಲ್ಲಿ ಎಲುಬಿನ ಜಾಗದಲ್ಲಿ ತೆಳುವಾದ ಕಂದು ಪೊರೆ ಮಾತ್ರ ಉಳಿದಿರುತ್ತದೆ, ಉಜ್ಜಿದರೆ ಅದೂ ಹೋಗಬಹುದು. ಬಣ್ಣವಾಗಿದ್ದರೆ ತಾತ ನಿರಪರಾಧಿ, ನನ್ನ ಮೀನು ಸುಳ್ಳು. ನಿಜವಾದ ಬಾಲವಾಗಿದ್ದರೆ ಮೀನು ನಿಜ, ಅದನ್ನು ಕೆಡಿಸಿದವರು ತಾತ. ಆ ವಾರವೆಲ್ಲ ನನಗೆ ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಇನ್ನೊಂದು ತೊಡಕೂ ಇತ್ತು. ಜ್ಞಾನಭಾರತಿಯ ಕಡೆಯ ಬಡಾವಣೆಯೊಂದರಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು ಒಬ್ಬರಿದ್ದಾರೆ. ತಮ್ಮ ಬೀದಿಯ ಶಾಲೆಯ ಮಕ್ಕಳಿಗಾಗಿ ಒಂದು ಗಾಜಿನ ಕಪಾಟು ಜೋಡಿಸುತ್ತಿದ್ದರು. ಕಲ್ಲಾದ ಚಿಪ್ಪು ಇತ್ತು, ಎಲೆ ಇತ್ತು, ನಡುವೆ ಮೀನಿಗೆ ಜಾಗ ಬಿಟ್ಟಿದ್ದರು. ಏಳನೆಯದನ್ನು ಶನಿವಾರ ತರುತ್ತೇನೆಂದು ನಾನು ಮಾತು ಕೊಟ್ಟಾಗಿತ್ತು.

ಮಂಗಳವಾರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನಾನು ವಿಜಯನಗರದ ಒಂದು ಹಲ್ಲಿನ ಲ್ಯಾಬಿನಲ್ಲಿದ್ದೇನೆ. ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ನಾವು ಕೃತಕ ಹಲ್ಲು ಮಾಡಿ ಕೊಡುತ್ತೇವೆ. ನನ್ನ ಪಾಲಿನದು ಬಣ್ಣ. ಅರವತ್ತು ದಾಟಿದವರಿಗೆ ಹಾಲುಬಿಳುಪಿನ ಹಲ್ಲು ಕೊಟ್ಟರೆ ಕಟ್ಟಿಸಿದ್ದೆಂದು ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಬುಡದಲ್ಲಿ ಹಳದಿ, ಅಂಚಿನಲ್ಲಿ ಬೂದು, ನಡುವೆ ಕೂದಲೆಳೆಯಷ್ಟು ಕಂದು ಬಿರುಕು ಎಳೆಯಬೇಕು. ಅಂದು ಒಂದು ಮುಂಬಲ್ಲಿಗೆ ಅಂಥ ಬಿರುಕು ಎಳೆಯುತ್ತಿದ್ದಾಗ ಕುಂಚ ಕೈಯಲ್ಲೇ ನಿಂತಿತು. ಏಳನೆಯ ಮೀನಿನ ಬಾಲದ ಕಡ್ಡಿಗಳೂ ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ಕುಂಚ ಒತ್ತಿ ಎತ್ತಿದರೆ ಹಾಗೆ ಬರುತ್ತದೆ. ದಿನಾ ನಾನು ಮಾಡುವ ಕೆಲಸ. ಆದರೆ ನಿಜವಾದ ಕಡ್ಡಿಯೂ ಬುಡದಲ್ಲಿ ದಪ್ಪವೇ ಇರುತ್ತದಲ್ಲ ಎಂದು ಮರುಕ್ಷಣವೇ ಅನಿಸಿತು. ಆ ಹಲ್ಲನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು.

ಸಂಜೆ ನೇರವಾಗಿ ಹೆಗ್ಗನಹಳ್ಳಿಗೆ ಹೋದೆ. ಮೀನು ಮಾರಿದವನು ಅಲ್ಲಿ ಶೆಡ್ಡಿನಲ್ಲಿ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೊಯ್ದು ಕೊಡುತ್ತಾನೆ. ಹೊರದೇಶದ ಕಲ್ಲು ತರಿಸುವಾಗ ಜೊತೆಗೆ ಇಂಥವೂ ಒಂದೊಂದು ಬರುತ್ತವೆ. ಯಂತ್ರ ನಿಲ್ಲಿಸಿ ಬಂದ.

"ಬಾಲ ಹೋಯ್ತು ಅಂದ್ರೆ? ಕಲ್ಲು ಮೇಡಂ ಅದು. ಎಲ್ಲಿಗೆ ಹೋಗುತ್ತೆ?"

"ಹಾಲಲ್ಲಿ ಹೋಯ್ತು."

"ಹಾಲಾ?" ಅವನು ಒಳಗೆ ಕಲ್ಲು ಹಿಡಿದಿದ್ದವನ ಕಡೆ ತಿರುಗಿದ. "ಕೇಳಿದ್ಯಾ ಗುರು, ಮೀನಿಗೆ ಹಾಲು ಹಾಕಿದಾರಂತೆ." ಮತ್ತೆ ನನಗೆ, "ನಾಗರಕಲ್ಲು ಅಂದ್ಕೊಂಡ್ರಾ ಮೇಡಂ?"

"ಅದಕ್ಕೆ ಬಣ್ಣ ಹಚ್ಚಿದ್ರಾ ಇಲ್ವಾ, ಅಷ್ಟು ಹೇಳಿ ಅಣ್ಣಾ."

"ನಾನ್ ಹಚ್ಚಿಲ್ಲ. ಬಂದ ಹಾಗೆ ಕೊಟ್ಟಿದೀನಿ. ಲೆಬನಾನ್ ಮಾಲು ಅಂದ್ರು, ನಾನೂ ಹಂಗೇ ಅಂದೆ. ಅಲ್ಲಿನೋರು ಸ್ವಲ್ಪ ಟಚಪ್ ಮಾಡ್ತಾರೆ ಅಂತ ಕೇಳಿದೀನಿ. ಮದುವೆ ಫೋಟೋಗೆ ಮಾಡಲ್ವಾ, ಹಂಗೆ."

"ಇದಕ್ಕೆ ಮಾಡಿದ್ರಾ?"

"ಅದು ಮೀನನ್ನೇ ಕೇಳ್ಬೇಕು."

ಅವನು ತಮಾಷೆಗೆ ಹೇಳಿದ್ದಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಮಾಗಡಿ ರೋಡಿನಲ್ಲಿ ಬಸ್ಸಿಗೆ ನಿಲ್ಲಲಾಗದೆ ಎರಡು ಸ್ಟಾಪು ನಡೆದೆ.

ಬುಧವಾರ ಕುರುಬರಹಳ್ಳಿಯ ದಿನಸಿ ಅಂಗಡಿಯಿಂದ ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚು ಕೇಳಿ ತಂದೆ. ಅಂಟು ಹಾಕಿದ ಕಡೆ ಆ ಬೆಳಕಿಗೆ ಮಿನುಗುತ್ತದೆಂದು ಓದಿದ್ದೆ. ಮಿನುಗಿತು. ಬಾಲದ ಬುಡದಲ್ಲಿ ನೀಲಿಯಾಗಿ ಮಿನುಗಿತು, ಆದರೆ ಹೊಟ್ಟೆಯ ಮೇಲೂ ಮಿನುಗಿತು, ತಲೆಯ ಮೇಲೂ. ಕಲ್ಲು ಹೀರಿಕೊಂಡಿದ್ದ ಹಾಲೂ ಅದೇ ಬೆಳಕಿಗೆ ಮಿನುಗುತ್ತದೆ ಎಂದು ಆಮೇಲೆ ತಿಳಿಯಿತು. ಅಮ್ಮನ ಒಂದು ಬಟ್ಟಲಿಗೆ ಹಾಲು ಹಾಕಿ ನೋಡಿ ಖಚಿತಪಡಿಸಿಕೊಂಡೆ. ಪುಸ್ತಕದಲ್ಲಿ ಪರೀಕ್ಷೆಯ ಮುಂದೆ "ಫಲಿತಾಂಶ ಇಲ್ಲ" ಎಂದು ಬರೆದೆ.

ಗುರುವಾರ, ಶುಕ್ರವಾರ ಏನೂ ಮಾಡಲಿಲ್ಲ. ಎಂದರೆ, ಡಬ್ಬ ತೆಗೆದು ನೋಡುವುದು, ಮುಚ್ಚುವುದು, ಮತ್ತೆ ತೆಗೆಯುವುದು. ತಾತ ಪೂಜೆಯನ್ನು ಬೇಗ ಬೇಗ ಮುಗಿಸುತ್ತಿದ್ದರು. ಸಾಲಿಗ್ರಾಮವನ್ನು ಉಜ್ಜುತ್ತಿರಲಿಲ್ಲ, ನೀರು ಹಾಕಿ ಎತ್ತಿಡುತ್ತಿದ್ದರು. ಅಮ್ಮ ಅದನ್ನು ನನಗಿಂತ ಮೊದಲು ಗಮನಿಸಿದಳು.

"ಮಾವ ಕೈ ಹಾಕೋಕೇ ಹೆದರ್ತಾ ಇದಾರೆ ಕಣೇ," ಎಂದಳು. "ಅದೇನು ಅಂತ ಬೇಗ ಇತ್ಯರ್ಥ ಮಾಡು."

ಶನಿವಾರ ಮೀನನ್ನು ಹತ್ತಿಯಲ್ಲಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ. ಅವರು ನಗಲಿಲ್ಲ. ಪರದೆ ಎಳೆದು, ಮೇಜಿನ ದೀಪವನ್ನು ಕಲ್ಲಿನ ಮಟ್ಟಕ್ಕೆ ಇಳಿಸಿ, ಬೆಳಕು ಅಡ್ಡಲಾಗಿ ಬೀಳುವ ಹಾಗೆ ಮಾಡಿದರು.

"ಬಗ್ಗಿ ನೋಡಮ್ಮ. ತಲೆ ಹತ್ರ ಒಂದೊಂದು ಎಲುಬಿಗೂ ನೆರಳು ಬೀಳ್ತಾ ಇದೆ, ನೋಡ್ದಾ? ಎಲುಬಿಗೆ ಉಬ್ಬು ಇರುತ್ತೆ. ಈಗ ಹಿಂದಕ್ಕೆ ಬಾ."

ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ನೆರಳು ಚೆಲ್ಲಿಕೊಂಡು ಹಿಂದಕ್ಕೆ ಬಂದವು. ಬಾಲದ ಹತ್ತಿರ ನೆರಳು ನಿಂತಿತು. ತಾತನ ಬೆರಳು ತಾಗದ ಮೇಲಂಚಿನಲ್ಲಿ ಇನ್ನೂ ಸ್ವಲ್ಪ ಕಂದು ಬಣ್ಣ ಉಳಿದಿತ್ತು. ಅದು ಸಪಾಟಾಗಿತ್ತು.

"ಹಾಗಾದ್ರೆ ಬಣ್ಣವೇ, ಸಾರ್?"

"ಮೇಲಿರೋದು ಬಣ್ಣ. ಕೆಳಗೆ ಏನಿತ್ತು ಅನ್ನೋದು ಬೇರೆ ಪ್ರಶ್ನೆ. ಎಷ್ಟೋ ಸಲ ಇರೋ ಬಾಲವನ್ನೇ ಗಾಢ ಮಾಡಿರ್ತಾರೆ. ನಿಮ್ಮ ತಾತ ಬಣ್ಣ ಮಾತ್ರ ತೆಗೆದ್ರೋ, ಅದರ ಕೆಳಗಿನ ಪೊರೆಯನ್ನೂ ತೆಗೆದ್ರೋ, ಈಗಲೇ ಹೇಳೋಕಾಗಲ್ಲ."

"ಹೇಗೆ ಗೊತ್ತಾಗುತ್ತೆ?"

"ಅವರು ನಿಲ್ಲಿಸಿದ ಕಡೆಯಿಂದ ನೀನು ಶುರು ಮಾಡು. ಹಾಲು ಮೊಸರು ಬೇಡ. ಡಿಸ್ಟಿಲ್ಡ್ ವಾಟರು, ಹತ್ತಿ. ಉಜ್ಜಬೇಡ, ಅದ್ದಿ ಎತ್ತು. ಆದರೆ ಯೋಚ್ನೆ ಮಾಡು, ಬಣ್ಣ ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ. ಹೊಟ್ಟೆವರೆಗೂ ಹೋಗ್ಬಹುದು."

"ಕಪಾಟಿಗೆ?"

"ಉಳಿದಷ್ಟು ತಗೊಂಬಾ. ಬರೀ ತಲೆ ಆದ್ರೂ ಸರಿ."

ಭಾನುವಾರ ರಾಮನವಮಿ. ಪಾನಕಕ್ಕೆ ಅಮ್ಮ ಬೆಲ್ಲ ಕುಟ್ಟುತ್ತಿದ್ದಳು. ನಾನು ಬಾಲ್ಕನಿಯಲ್ಲಿ ಸ್ಟೂಲು ಹಾಕಿಕೊಂಡು, ಲ್ಯಾಬಿನಿಂದ ತಂದ ಹತ್ತಿಯ ಕಡ್ಡಿ, ಭೂತಗನ್ನಡಿ, ನೀರಿನ ಬಾಟಲಿ ಇಟ್ಟುಕೊಂಡು ಕೂತೆ. ತಾತನನ್ನು ಕರೆಯಲಿಲ್ಲ. ಅವರೇ ಕುರ್ಚಿ ಎಳೆದುಕೊಂಡು ಬಂದು ಕೂತರು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು.

ಮೇಲಂಚಿನ ಕಂದು ಮೊದಲ ಹತ್ತಿಗೇ ಬಂತು. ಎರಡನೆಯದಕ್ಕೂ ಬಂತು. ಕೆಳಗೆ ಬಿಳಿ ಕಲ್ಲು, ಏನೂ ಇಲ್ಲ. ನಾನು ಕೊಳೆಯಾದ ಕಡ್ಡಿಗಳನ್ನು ಸಾಲಾಗಿ ಜೋಡಿಸುತ್ತಾ ಹೋದೆ. ಬಾಲದ ಬುಡಕ್ಕೆ ಬಂದೆ. ಅಲ್ಲಿ ಬಣ್ಣದ ಕೆಳಗೆ ಒಂದು ಬೂದು ತೇಪೆ ಇತ್ತು. ನಾವು ಅಚ್ಚಿನ ತೂತು ಮುಚ್ಚಲು ಹಾಕುವಂಥದ್ದೇ ಮೆತ್ತನೆ ಪುಡಿ, ಗೋಂದಿನಲ್ಲಿ ಕಲಸಿದ್ದು. ನೀರು ಕುಡಿದು ಅದು ಮೆತ್ತಗಾಯಿತು. ಹಲ್ಲಿನ ಕೆಲಸದ ಸೂಜಿಯಿಂದ ಅಂಚು ಎತ್ತಿದೆ. ಬಾಲದ ಕಡೆ ಅಲ್ಲ, ಅದಕ್ಕಿಂತ ಮೇಲೆ, ಬೆನ್ನಿನ ಕಡೆಗೆ, ತೇಪೆಯ ಕೆಳಗಿನಿಂದ ಏನೋ ಎದ್ದು ಕಾಣಿಸಿತು. ಮೊಬೈಲಿನ ಟಾರ್ಚನ್ನು ಅಡ್ಡ ಹಿಡಿದೆ. ನೆರಳು ಬಿತ್ತು.

ಕಡ್ಡಿಗಳು. ಐದು. ಬೆನ್ನುಮೂಳೆಯ ಕೊನೆಯ ಮಣಿಗಳು ಮೇಲಕ್ಕೆ ತಿರುಚಿಕೊಂಡಿದ್ದವು, ಅವುಗಳ ತುದಿಯಲ್ಲಿ ಬಾಲದ ಬುಡ, ಮುರಿದದ್ದು. ಸಾಯುವಾಗಲೋ ಸತ್ತ ಮೇಲೋ ಈ ಮೀನಿನ ಬಾಲ ಬೆನ್ನಿನ ಕಡೆ ಮಡಚಿಕೊಂಡಿತ್ತು. ಕಲ್ಲು ಸೀಳುವಾಗ ಅದರ ತುದಿ ಹೋಗಿರಬೇಕು. ಮಡಚಿದ ಮುರುಕು ಬಾಲ ಚೆಂದ ಕಾಣುವುದಿಲ್ಲವೆಂದು ಯಾರೋ ಅದನ್ನು ಮುಚ್ಚಿ, ನೇರವಾಗಿ ಹೊಸ ಬಾಲ ಬರೆದಿದ್ದರು. ತಾತನ ಹೆಬ್ಬೆರಳು ಉಜ್ಜಿದ್ದು ಆ ಬರೆದ ಬಾಲವನ್ನು. ನಿಜವಾದದ್ದರ ಹತ್ತಿರಕ್ಕೂ ಅದು ಹೋಗಿರಲಿಲ್ಲ.

"ತಾತ, ಬೆರಳು ಕೊಡಿ."

"ಬೇಡಮ್ಮ."

"ಕೊಡಿ ತಾತ."

ಅವರ ತೋರುಬೆರಳನ್ನು ಹಿಡಿದು ಆ ಐದು ಕಡ್ಡಿಗಳ ಮೇಲೆ ಇಟ್ಟೆ. ಉಬ್ಬು ಸಿಕ್ಕಿತು ಅವರಿಗೆ. ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದರು. ಆಮೇಲೆ ತಾವಾಗಿಯೇ ಕೆಳಗೆ, ತಾವು ಉಜ್ಜಿದ ಜಾಗಕ್ಕೆ ಸರಿಸಿದರು. ಅಲ್ಲಿ ಕಲ್ಲು ಮೊಸರಿನ ಹುಳಿಗೆ ಸ್ವಲ್ಪ ಒರಟಾಗಿತ್ತು, ಬೇರೇನೂ ಇರಲಿಲ್ಲ. ಮತ್ತೆ ಮೇಲಕ್ಕೆ ಬಂದರು.

"ಹಾಗಾದ್ರೆ ಇಪ್ಪತ್ತೆರಡು ಅಲ್ಲ," ಎಂದರು.

"ಅಲ್ಲ. ಐದು."

"ಬರ್ಕೋ ಮತ್ತೆ."

ಅಮ್ಮ ಪಾನಕದ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬಾಲ ಇಲ್ದೇ ಇರೋದು ಅರ್ಧ ಮೀನು. ಅಭಿಷೇಕ ಬೇರೆ ಆಗಿದೆ. ಒಳಗೇ ಇರ್ಲಿ ಬಿಡಿ, ಆದ್ರೆ ಅಡುಗೆಮನೆ ಕಡೆ ಬೇಡ," ಎಂದಳು. ತಾತ ಎರಡು ಲೋಟ ಪಾನಕ ಕುಡಿದರು. ಮರುದಿನ ಬೆಳಿಗ್ಗೆ ಒಳಗಿನಿಂದ ಸಾಲಿಗ್ರಾಮವನ್ನು ಉಜ್ಜುವ ಸಣ್ಣ ಸದ್ದು ಕೇಳಿತು.

ಏಳನೆಯ ಮೀನು ಈಗ ಮೇಷ್ಟ್ರ ಕಪಾಟಿನಲ್ಲಿದೆ. ಚೀಟಿಯಲ್ಲಿ ಮೀನು ಎಲ್ಲಿಯವರೆಗೆ, ಬರೀ ಕಲ್ಲು ಎಲ್ಲಿಂದ ಎಂದು ಬರೆದು ಬಾಣದ ಗುರುತು ಹಾಕಿದ್ದೇನೆ. ಮಕ್ಕಳು ಬಾಲ ಯಾಕೆ ಮಡಚಿದೆ ಎಂದು ಕೇಳುತ್ತಾರಂತೆ. ಮೇಷ್ಟ್ರು ನನ್ನನ್ನು ಕೇಳುತ್ತಾರೆ. ನನಗೆ ಗೊತ್ತಿಲ್ಲ. ತಾತನ ಲೆಕ್ಕದಂತೆಯೇ ಉಳಿದ ಹತ್ತೂ ಮಹಡಿ ಮೆಟ್ಟಿಲ ಕೆಳಗಿನಿಂದ ನನ್ನ ಮಂಚದ ಕೆಳಗೆ ಬಂದಿವೆ. ಮಳೆಗೆ ಓಡುವ ಕೆಲಸ ತಪ್ಪಿದೆ, ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ. ಅವುಗಳಲ್ಲಿ ನಾಲ್ಕಕ್ಕೆ ಅಡ್ಡ ಬೆಳಕಿನಲ್ಲಿ ಬಾಲದ ಕಡೆ ನೆರಳು ಬೀಳುವುದಿಲ್ಲ. ಎರಡಕ್ಕೆ ತಲೆಯ ಕಡೆಯೇ ಬೀಳುವುದಿಲ್ಲ. ನೀರಿನ ಬಾಟಲಿ ತೆಗೆದಿಟ್ಟಿದ್ದೇನೆ, ಇನ್ನೂ ಮುಚ್ಚಳ ತೆರೆದಿಲ್ಲ. ತಾತ ದಿನಾ ಕೇಳುತ್ತಾರೆ, "ಮುಂದಿನದು ಯಾವಾಗ ತೊಳೆಯೋದು?"

ಲೆಬನಾನಿನ ಬಿಳಿ ಸುಣ್ಣಕಲ್ಲಿನ ಮೀನುಗಳನ್ನು ನೋಡಿದವರು, ಕೊಂಡವರು, ದುರಸ್ತಿ ಮಾಡಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಗೇಣುದ್ದ, ತೆರೆದ ಬಾಯಿ, ಬೆನ್ನಿನ ಕಡೆ ಮಡಚಿದ ಬಾಲ. ಇದು ಯಾವ ಜಾತಿ, ಇಂಥ ಮೀನು ಇನ್ನೆಲ್ಲಾದರೂ ಇದೆಯೇ, ಬಾಲ ಮಡಚಿದ್ದು ಸಾಯುವ ಮೊದಲೋ ಆಮೇಲೋ, ಮತ್ತು ಗೋಂದಿನ ತೇಪೆಯನ್ನು ಎಲುಬಿಗೆ ನೋವಾಗದ ಹಾಗೆ ತೆಗೆಯಲು ನೀರಿಗಿಂತ ಒಳ್ಳೆಯ ದಾರಿ ಇದೆಯೇ ಎಂದು ತಿಳಿಸಿ. ಉತ್ತರ ಬರುವವರೆಗೆ ಎಂಟನೆಯ ಡಬ್ಬವನ್ನು ತೆರೆಯದೆ ಇರಲು ಪ್ರಯತ್ನಿಸುತ್ತೇನೆ.